ಓದುಗನ ಪಾಲು

ಕಾವ್ಯದ ಅರ್ಥವು ಕವಿಯೊಬ್ಬನ ಸ್ವತ್ತಲ್ಲ. 9ನೆಯ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನನು ಧ್ವನಿಯನ್ನು ಗ್ರಹಿಸುವ ಅಧಿಕಾರವನ್ನು ಸಹೃದಯನಿಗೆ ಕೊಟ್ಟನು. ಅದೇ ಶತಮಾನದ ನಮ್ಮ ಕವಿರಾಜಮಾರ್ಗವು, ಓದು ಕಲಿಯದಿದ್ದರೂ ಕಾವ್ಯದಲ್ಲಿ ನಿಪುಣರೆಂದು ಕನ್ನಡ ಜನರನ್ನು ಕೊಂಡಾಡಿತು.

ಗಮಕದ ಸಭೆಯನ್ನು ನೋಡಿರಿ. ಒಬ್ಬರು ಕುಮಾರವ್ಯಾಸನ ಷಟ್ಪದಿಯನ್ನು ವಾಚಿಸುವರು, ಇನ್ನೊಬ್ಬರು ಅರ್ಥ ಹೇಳುವರು, ಆದರೂ ಕರ್ಣನ ಪ್ರಸಂಗದಲ್ಲಿ ಮಧುಗಿರಿಯ ರೈತನಿಗೆ ದಾಯಾದಿಯ ವ್ಯಾಜ್ಯವೂ (ವಕೀಲನಾದ ನಾನು ಇದನ್ನು ಬಲ್ಲೆ!), ಶಿರಾದ ಕೂಲಿಯವನಿಗೆ ಉಪ್ಪಿನ ಋಣವೂ ಕಾಣಬಹುದು. ಆಂಧ್ರದ ನೆಲ ಸುತ್ತುವರಿದ ಪಾವಗಡದಲ್ಲಿ, ಮನೆಮಾತು ತೆಲುಗಾದವನು ತಿಕ್ಕನನ ಕರ್ಣನನ್ನೂ ನೆನೆದಾನು. ಅದನ್ನು ತಪ್ಪೆನ್ನಲು ನಮಗೇನಧಿಕಾರ? ಆದರೆ ದಸ್ತಾವೇಜನ್ನು ಮೀರಿದ ವಾದವು ನಿಲ್ಲದಂತೆ, ಪದ್ಯದ ಮಾತಿಗೆ ವಿರುದ್ಧವಾದ ಅರ್ಥವೂ ನಿಲ್ಲದು.

ಉಪಾಧ್ಯಾಯರಲ್ಲಿ ಬಿನ್ನಹ: ಕೊರಟಗೆರೆಯಲ್ಲಾಗಲಿ ಇಲ್ಲಾಗಲಿ, ಭಾವಾರ್ಥವನ್ನು ಬರೆಯಿಸುವ ಮೊದಲು ಹುಡುಗರಿಗೇನು ತೋರಿತೆಂದು ಕೇಳಿರಿ.