ಸ್ಟೇಟಸ್ ಹಸಿರಿತ್ತು, ಮೇಲ್ ಮಾತ್ರ ಬರಲಿಲ್ಲ

ಸಣ್ಣ ಸಣ್ಣ ಕಚೇರಿಗಳ ಕಂಪ್ಯೂಟರ್ ನೋಡಿಕೊಳ್ಳೋನು ನಾನು. ಭತ್ತದ ಸುಗ್ಗಿಯಲ್ಲಿ ಸಿಂಧನೂರಿನ ಅಕ್ಕಿ ಗಿರಣಿಯೊಂದರಲ್ಲಿ ಒಂದು ದಿನ ಮೇಲ್ ನಿಂತರೆ ಏನಾಗುತ್ತೆ ಗೊತ್ತಾ? ಖರೀದಿದಾರರ ಆರ್ಡರ್ ಅದರಲ್ಲೇ, ಲಾರಿ ನಂಬರ್ ಅದರಲ್ಲೇ, ಹಣ ಹಾಕಿದ ವಿವರವೂ ಅದರಲ್ಲೇ. ಆ ವಿವರ ಕೈಗೆ ಬರೋತನಕ ಮಾಲೀಕರು ರೈತರಿಗೆ ಚೆಕ್ ಬರೆಯಲ್ಲ.

ಅವತ್ತು ಲಿಂಗಸುಗೂರಿನಲ್ಲಿದ್ದೆ. ಗಿರಣಿಯ ಲೆಕ್ಕದ ಹುಡುಗನ ಫೋನ್. “ಅಣ್ಣಾ, ರಾತ್ರಿ ಕರೆಂಟ್ ಹೋಗಿ ಬಂತ್ರಿ. ಆವಾಗಿಂದ ಮೇಲ್ ಬರವಲ್ದು. ಪೋಸ್ಟ್‌ಫಿಕ್ಸ್ ತೆಗೆದು ಹೊಸದಾಗಿ ಹಾಕಿಬಿಡ್ಲೇನ್ರಿ?”

“ಬ್ಯಾಡ ತಮ್ಮಾ, ಏನೂ ಮುಟ್ಟಬ್ಯಾಡ” ಅಂದು ಬಸ್ ಹತ್ತಿದೆ. ಹೊರಗೆ ಹೋಗದೆ ಸರತಿಯಲ್ಲಿ ನಿಂತ ಮೇಲ್‌ಗಳು ಆ ಯಂತ್ರದಲ್ಲಿದ್ದವು. ಬುಡಸಮೇತ ತೆಗೆದರೆ ಅವೂ ಹೋಗ್ತಿದ್ವು.

ಬಸ್ ಮಸ್ಕಿಯಲ್ಲಿ ನಿಂತಾಗ ಮತ್ತೆ ಮಾತಾಡಿದೆವು. ‘ಸಿಸ್ಟಂಸಿಟಿಎಲ್ ಸ್ಟೇಟಸ್’ ಕೊಟ್ಟರೆ ಹಸಿರು ಬಣ್ಣದಲ್ಲಿ ‘ಆಕ್ಟಿವ್’ ಅಂತ ಬರ್ತೈತಿ ಅಂದ. ಪಕ್ಕದಲ್ಲಿ ಏನೈತಿ ಓದು ಅಂದೆ. ‘ಎಕ್ಸಿಟೆಡ್’ ಅಂತೈತ್ರಿ ಅಂದ. ಬಹಳ ಜನ ಮೋಸಹೋಗೋದು ಇಲ್ಲೇ. ಉಬುಂಟುವಿನ ಹಲವು ಆವೃತ್ತಿಗಳಲ್ಲಿ ಪೋಸ್ಟ್‌ಫಿಕ್ಸ್ ಹೆಸರಿನ ಸೇವೆ ಬರೀ ಹೊದಿಕೆ. ನಿಜವಾದ ಕೆಲಸ ನಡೆಯೋದು ‘ಪೋಸ್ಟ್‌ಫಿಕ್ಸ್@-’ ಅನ್ನೋ ಇನ್ನೊಂದರಲ್ಲಿ. ಅದು ಬಿದ್ದಿದ್ದರೂ ಹೊದಿಕೆ ಹಸಿರಾಗಿಯೇ ಇರುತ್ತೆ.

ಮಸ್ಕಿ ಅಂದ್ರೆ ಶಾಸನದ ಊರು. 1915ರಲ್ಲಿ ಅಲ್ಲಿ ಸಿಕ್ಕ ಶಾಸನದಲ್ಲಿ ಅಶೋಕ ಅನ್ನೋ ಹೆಸರಿದ್ದದ್ದಕ್ಕೇ ‘ದೇವಾನಾಂಪ್ರಿಯ’ ಯಾರು ಅನ್ನೋದು ಖಚಿತವಾಯಿತು. ನಮಗೂ ಅಂಥದ್ದೇ ಒಂದು ಸಾಲು ಬೇಕಿತ್ತು. ಆ ಎರಡನೇ ಸೇವೆಯ ಲಾಗನ್ನು ‘ಜರ್ನಲ್‌ಸಿಟಿಎಲ್’ನಿಂದ ತೆಗೆಸಿದೆ. ‘ಫೇಟಲ್’ ಅಂತ ಶುರುವಾಗುವ ಸಾಲು ಸಿಕ್ಕಿತು: ‘ಇನೆಟ್ ಇಂಟರ್‌ಫೇಸಸ್’ ಸೆಟ್ಟಿಂಗ್‌ನಲ್ಲಿ ಬರೆದಿರುವ ಐಪಿ ವಿಳಾಸ ಈ ಯಂತ್ರದಲ್ಲಿ ಇಲ್ಲ ಅಂತ.

ಆಗ ಗೊತ್ತಾಯ್ತು. ಕರೆಂಟ್ ಹೋಗಿ ಬಂದ ಮೇಲೆ ರೌಟರ್ ಸರ್ವರ್‌ಗೆ ಹೊಸ ವಿಳಾಸ ಕೊಟ್ಟಿತ್ತು. ಪೋಸ್ಟ್‌ಫಿಕ್ಸ್‌ನ ‘ಮೇನ್ ಡಾಟ್ ಸಿಎಫ್’ ಕಡತದಲ್ಲಿ ಹಳೆಯದೇ ಇತ್ತು. ಅದನ್ನು ಬರೆದವನು, ರೌಟರ್‌ನಲ್ಲಿ ಆ ವಿಳಾಸ ಕಾಯ್ದಿರಿಸದೆ ಬಿಟ್ಟವನು, ಎರಡೂ ನಾನೇ. ಹುಡುಗನಿಗೆ ಹೇಳಿದೆ, ನಕ್ಕ.

ಕಡತದಲ್ಲಿ ಹೊಸ ವಿಳಾಸ ಬರೆದರೆ ಸರ್ವರ್ ಏನೋ ಏಳುತ್ತೆ. ಆದ್ರೆ ಹೊರಗಿನ ಮೇಲನ್ನು ರೌಟರ್ ಹಳೆಯ ವಿಳಾಸದ 25ನೇ ಪೋರ್ಟ್‌ಗೇ ಕಳಿಸ್ತಿತ್ತು. ಹಾಗಾಗಿ ಸಿಂಧನೂರು ಮುಟ್ಟಿ, ಹಳೆಯ ವಿಳಾಸವನ್ನೇ ರೌಟರ್‌ನಲ್ಲಿ ಈ ಯಂತ್ರಕ್ಕೆ ಕಾಯಂ ಮಾಡಿದೆ. ನೆಟ್‌ವರ್ಕ್ ಮತ್ತೆ ಹಚ್ಚಿ, ‘ಪೋಸ್ಟ್‌ಫಿಕ್ಸ್ ಚೆಕ್’ ಕೊಟ್ಟು, ರೀಸ್ಟಾರ್ಟ್ ಮಾಡಿದೆ. ಈ ಸಲ ಹಸಿರು ನಂಬಲಿಲ್ಲ. ‘ಎಸ್‌ಎಸ್’ ಆಜ್ಞೆಯಿಂದ 25ನೇ ಪೋರ್ಟ್ ತೆರೆದದ್ದನ್ನು ನೋಡಿದ ಮೇಲೇ ಚಹಾ ಕುಡಿದೆ.

“ನಿನ್ನೆಯ ಮೇಲ್ ಹೋದ್ವೇನು?” ಅಂದ್ರು ಮಾಲೀಕರು. ಇಲ್ರೀ ಅಂದೆ. ಈ ಕಡೆ ಸರ್ವರ್ ಸಿಗದಿದ್ರೆ ಕಳಿಸೋ ಸರ್ವರ್ ಮೇಲನ್ನು ಇಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತೆ. ಕನಿಷ್ಠ 4-5 ದಿನ ಕೈಬಿಡಬಾರದು ಅಂತ ಎಸ್‌ಎಂಟಿಪಿ ನಿಯಮವೇ ಹೇಳುತ್ತೆ. ಸಂಜೆಯೊಳಗೆ ಒಂದೊಂದೇ ಬಂದವು. ಹಣದ ವಿವರ ಬಂದದ್ದು ಕೊನೆಗೆ. ಮಾಲೀಕರು ಚೆಕ್ ಪುಸ್ತಕ ತೆಗೆದರು.