ನಮ್ಮದೇ ಸ್ಟ್ಯಾಕ್: ಅನುಕೂಲ ಮತ್ತು ಅಪಾಯ



ಸಿ ಅಥವಾ ಅಸೆಂಬ್ಲಿ ಭಾಷೆಯಲ್ಲಿ ಪಳಗಿದವರಿಗೆ ಸ್ಟ್ಯಾಕನ್ನು ತಾವೇ ಕಟ್ಟಿಕೊಳ್ಳುವ ಆಸೆ ಹುಟ್ಟುವುದು ಸಹಜ. ಅದರಲ್ಲಿರುವ ಅಪಾಯಗಳನ್ನು ಇಂದು ತಿಳಿಯೋಣ.

ಮದುವೆಮನೆಯಲ್ಲಿ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಡುತ್ತಾರೆ. ಕೊನೆಗೆ ಇಟ್ಟದ್ದನ್ನು ಮೊದಲು ತೆಗೆಯುತ್ತಾರೆ. ಒಂದು ಫಂಕ್ಷನ್ ಇನ್ನೊಂದನ್ನು ಕರೆದಾಗ, ಹಿಂದಿರುಗಬೇಕಾದ ವಿಳಾಸವನ್ನೂ ಸ್ವಂತ ಚರಾಂಶಗಳನ್ನೂ ಕಂಪ್ಯೂಟರ್ ಹೀಗೆಯೇ ಸ್ಮೃತಿಯಲ್ಲಿ ಪೇರಿಸುತ್ತದೆ. ಲಿನಕ್ಸ್‌ನಲ್ಲಿ ಮುಖ್ಯ ಸ್ಟ್ಯಾಕಿಗೆ ಸಾಮಾನ್ಯವಾಗಿ 8 ಮೆಗಾಬೈಟ್ ಮಿತಿ, ವಿಂಡೋಸ್‌ನಲ್ಲಿ 1 ಮೆಗಾಬೈಟ್. ಸಾವಿರಾರು ಕೆಲಸಗಳನ್ನು ಒಟ್ಟಿಗೆ ನಡೆಸಬೇಕಾದಾಗ ಪ್ರತಿಯೊಂದಕ್ಕೂ ಇಷ್ಟು ಜಾಗ ಕಾದಿರಿಸಲು ಮನಸ್ಸು ಬಾರದು. ಆಗ ಕೆಲವರು ಮ್ಯಾಲಕ್ ಮೂಲಕ ಕೆಲವೇ ಕಿಲೋಬೈಟ್ ಪಡೆದು, ಸ್ಟ್ಯಾಕ್ ಪಾಯಿಂಟರನ್ನು ಅಲ್ಲಿಗೆ ತಿರುಗಿಸುತ್ತಾರೆ.

ಮೊದಲ ಅಪಾಯ ಇಲ್ಲಿದೆ. ಕಾರ್ಯಾಚರಣ ವ್ಯವಸ್ಥೆ ಕೊಡುವ ಸ್ಟ್ಯಾಕಿನ ತುದಿಯಲ್ಲಿ ಯಾರೂ ಮುಟ್ಟಬಾರದ ಕಾವಲು ಪುಟ ಇರುತ್ತದೆ. ಅದನ್ನು ಮುಟ್ಟಿದೊಡನೆ ಪ್ರೋಗ್ರಾಂ ನಿಲ್ಲುತ್ತದೆ. ಮ್ಯಾಲಕ್ ಕೊಟ್ಟ ಜಾಗಕ್ಕೆ ಅಂಥ ಬೇಲಿಯಿಲ್ಲ. ತುಂಬಿದ ಸ್ಟ್ಯಾಕ್ ಪಕ್ಕದ ದತ್ತಾಂಶವನ್ನು ಸದ್ದಿಲ್ಲದೆ ಅಳಿಸುತ್ತದೆ. ಬೇಲಿಯಿಲ್ಲದ ಹೊಲಕ್ಕೆ ರಾತ್ರಿ ದನ ನುಗ್ಗಿದಂತೆ, ನಷ್ಟ ತಿಳಿಯುವಾಗ ದನ ಅಲ್ಲಿರುವುದಿಲ್ಲ. ತಪ್ಪು ಒಂದು ಕಡೆ, ಪ್ರೋಗ್ರಾಂ ಕುಸಿಯುವುದು ಇನ್ನೊಂದು ಕಡೆ.

ಎರಡನೆಯದು, ಲೆಕ್ಕಕ್ಕೆ ಸಿಗದ ಬಳಕೆ. ನಿಮ್ಮ ಫಂಕ್ಷನ್ ಚಿಕ್ಕದಿರಬಹುದು. ಅದು ಕರೆಯುವ ಪ್ರಿಂಟ್ಎಫ್ ಚಿಕ್ಕದಲ್ಲ. ಲಿನಕ್ಸ್‌ನಲ್ಲಿ ಸಿಗ್ನಲ್ ಬಂದರೆ, ಬೇರೆ ಏರ್ಪಾಡು ಮಾಡಿರದಿದ್ದಲ್ಲಿ, ರಿಜಿಸ್ಟರುಗಳ ಮೌಲ್ಯಗಳೆಲ್ಲ ನಿಮ್ಮ ಪುಟ್ಟ ಸ್ಟ್ಯಾಕಿಗೇ ಬಂದು ಬೀಳುತ್ತವೆ. ಎವಿಎಕ್ಸ್-512 ಇರುವ ಪ್ರೊಸೆಸರುಗಳಲ್ಲಿ ಇದಕ್ಕೇ 2 ಕಿಲೋಬೈಟಿಗಿಂತ ಹೆಚ್ಚು ಬೇಕಾಗಬಹುದು.

ಬೇಲಿಯಿದ್ದರೂ ಮೈಮರೆಯುವಂತಿಲ್ಲ. 2017ರಲ್ಲಿ ಕ್ವಾಲಿಸ್ ಸಂಸ್ಥೆಯ ಸಂಶೋಧಕರು 'ಸ್ಟ್ಯಾಕ್ ಕ್ಲ್ಯಾಶ್' ಎಂಬ ದೋಷಗಳನ್ನು ಬಹಿರಂಗಪಡಿಸಿದರು. ಒಂದೇ ನೆಗೆತಕ್ಕೆ ಕಾವಲು ಪುಟವನ್ನು ದಾಟಿ, ಸಾಮಾನ್ಯ ಬಳಕೆದಾರನೂ ವ್ಯವಸ್ಥೆಯ ಪೂರ್ಣ ಅಧಿಕಾರ ಪಡೆಯಬಹುದೆಂದು ತೋರಿಸಿದರು. ಬಳಿಕ ಲಿನಕ್ಸ್ ಆ ಅಂತರವನ್ನು 4 ಕಿಲೋಬೈಟಿನಿಂದ 1 ಮೆಗಾಬೈಟಿಗೆ ಹಿಗ್ಗಿಸಿತು.

ಹಾಗಾದರೆ ಪುಟ್ಟ ಸ್ಟ್ಯಾಕ್ ಸಾಧ್ಯವೇ ಇಲ್ಲವೆ? ಸಾಧ್ಯವಿದೆ. ಗೋ ಭಾಷೆಯಲ್ಲಿ ಪ್ರತಿ ಗೊರೂಟೀನ್ 2014ರ 1.4ನೇ ಆವೃತ್ತಿಯಿಂದ 2 ಕಿಲೋಬೈಟಿನ ಸ್ಟ್ಯಾಕಿನಿಂದಲೇ ಹೊರಡುವಂತಾಯಿತು. ಆದರೆ ಅಲ್ಲಿ ಫಂಕ್ಷನ್‌ಗಳ ಆರಂಭದಲ್ಲಿ ಜಾಗ ಸಾಕೇ ಎಂದು ನೋಡುವ ಆದೇಶಗಳನ್ನು ಕಂಪೈಲರೇ ಸೇರಿಸುತ್ತದೆ. ಸಾಲದಿದ್ದರೆ ಎಲ್ಲವನ್ನೂ ದೊಡ್ಡ ಸ್ಟ್ಯಾಕಿಗೆ ನಕಲು ಮಾಡಲಾಗುತ್ತದೆ. ಸಿ ಕಂಪೈಲರ್ ಸಾಮಾನ್ಯವಾಗಿ ಈ ನೆರವು ನೀಡುವುದಿಲ್ಲ.

ಆದುದರಿಂದ ಸ್ವಂತ ಸ್ಟ್ಯಾಕ್ ಅನಿವಾರ್ಯವಾದರೆ, ಎಂಮ್ಯಾಪ್ ಮೂಲಕ ಜಾಗ ಪಡೆದು, ಎಂಪ್ರೊಟೆಕ್ಟ್ ಬಳಸಿ ಅದರ ತುದಿಗೆ ಕಾವಲು ಪುಟ ಇಡಿ. ಸಿಗ್ನಲ್‌ಗಳಿಗೆ ಬೇರೆ ಸ್ಟ್ಯಾಕ್ ಕೊಡಿ. ಮೊದಲೇ ಇಡೀ ಜಾಗದಲ್ಲಿ ಗೊತ್ತಾದ ಒಂದು ಸಂಖ್ಯೆಯನ್ನು ತುಂಬಿ, ಪ್ರೋಗ್ರಾಂ ಓಡಿದ ಮೇಲೆ ಅದು ಎಷ್ಟು ಅಳಿಸಿದೆಯೆಂದು ನೋಡಿ. ನೀವು ಊಹಿಸಿದ ಬಳಕೆಗೂ ನಿಜವಾದ ಬಳಕೆಗೂ ಇರುವ ಅಂತರ ಆಗ ನಿಮಗೇ ತಿಳಿಯುತ್ತದೆ.