ಕಲ್ಲು ಕೊಯ್ಯುವ ವಜ್ರ
(ಗುಮ್ಮಘಟ್ಟದಲ್ಲಿ ಮಾಡಿದ ಭಾಷಣ)



ವಜ್ರ ಎಂದ ಕೂಡಲೇ ನಮ್ಮ ಅನಂತಪುರ ಜಿಲ್ಲೆಯವರಿಗೆ ವಜ್ರಕರೂರು ನೆನಪಾಗುತ್ತದೆ. ಮುಂಗಾರಿನ ಮಳೆ ಬಿದ್ದರೆ ಸಾಕು, ಬಡವರು ಬುತ್ತಿ ಕಟ್ಟಿಕೊಂಡು ಬಂದು ಅಲ್ಲಿನ ಹೊಲಗಳಲ್ಲಿ ತಲೆ ಬಗ್ಗಿಸಿ ಹುಡುಕುತ್ತಾರೆ. ಸಿಕ್ಕವರು ಕೆಲವರು, ಬರಿಗೈಯಲ್ಲಿ ಹಿಂದಿರುಗಿದವರು ಬಹಳ. ಆದರೆ ಇಂದು ನಾನು ಹೇಳುವುದು ಆ ವಜ್ರದ ಮಾತಲ್ಲ. ಕಾರ್ಖಾನೆಯಲ್ಲಿ ಹುಟ್ಟಿ, ಕೂಲಿಯಾಳಿನಂತೆ ದುಡಿದು ಸವೆಯುವ ವಜ್ರದ ಮಾತು.

ವಜ್ರವೂ ಪೆನ್ಸಿಲ್ಲಿನೊಳಗಿನ ಗ್ರಾಫೈಟೂ ಒಂದೇ ಮೂಲವಸ್ತು, ಇಂಗಾಲ. ಭೂಮಿಯ ಆಳದ ಬಿಸಿಯೂ ಒತ್ತಡವೂ ಸೇರಿ ಅದನ್ನು ವಜ್ರವಾಗಿಸುತ್ತವೆ. 1953ರಲ್ಲಿ ಸ್ವೀಡನ್ನಿನ ಒಂದು ಕಂಪನಿ ಇದನ್ನು ಯಂತ್ರದಲ್ಲಿ ಮಾಡಿತು, ಆದರೆ ಹೊರಗೆ ಹೇಳಲಿಲ್ಲ. 1954ರ ಡಿಸೆಂಬರಿನಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಟ್ರೇಸಿ ಹಾಲ್ ಎಂಬುವರು ಮಾಡಿ ತೋರಿಸಿದರು. ಮರುವರ್ಷ ಅದು ಲೋಕಕ್ಕೆ ತಿಳಿಯಿತು.

ಮಾಡುವ ಬಗೆ ಹೀಗೆ: ಗ್ರಾಫೈಟಿನ ಜೊತೆ ಕಬ್ಬಿಣ, ನಿಕ್ಕಲ್ ಅಥವಾ ಕೋಬಾಲ್ಟ್ ಇಟ್ಟು, ದೊಡ್ಡ ಪ್ರೆಸ್ಸಿನಲ್ಲಿ ಗಾಳಿಯ ಒತ್ತಡಕ್ಕಿಂತ ಸುಮಾರು 50,000 ಪಟ್ಟು ಒತ್ತುತ್ತಾರೆ, ಸುಮಾರು 1,400 ಡಿಗ್ರಿ ಕಾಯಿಸುತ್ತಾರೆ. ಕರಗಿದ ಲೋಹದಲ್ಲಿ ಇಂಗಾಲವೂ ಕರಗಿ, ಸಕ್ಕರೆ ಪಾಕದಲ್ಲಿ ಕಲ್ಲುಸಕ್ಕರೆ ಕಟ್ಟುವಂತೆ ವಜ್ರದ ಹರಳು ಕಟ್ಟುತ್ತದೆ. ಆಸಿಡ್ಡಿನಲ್ಲಿ ಲೋಹ ಕಳೆದು ಜರಡಿ ಹಿಡಿದರೆ ಹಳದಿ ಬಣ್ಣದ ಸಣ್ಣ ಕಾಳುಗಳು ಉಳಿಯುತ್ತವೆ. ಇಂದು ಇವು ಹೆಚ್ಚಾಗಿ ತಯಾರಾಗುವುದು ಚೀನಾ ದೇಶದಲ್ಲಿ.

ಈ ಕಾಳನ್ನು ಲೋಹದ ಪುಡಿಯೊಡನೆ ಬೆರೆಸಿ, ಒತ್ತಿ, ಕಾಯಿಸಿ, ಉಕ್ಕಿನ ಚಕ್ರದ ಅಂಚಿಗೆ ಹಲ್ಲುಗಳಂತೆ ಕೂಡಿಸುತ್ತಾರೆ. ಸವೆದ ಕಾಳು ಉದುರಿದಂತೆ ಒಳಗಿನ ಹೊಸ ಕಾಳು ಮೇಲೆ ಬರುತ್ತದೆ. ಗ್ರಾನೈಟ್ ಕೊಯ್ಯುವುದು ಇದೇ.

ತೋಟದಲ್ಲಿ ಕೆಲಸ ಕಡಮೆಯಾದಾಗ ನಮ್ಮ ಹುಡುಗರು ಬೆಂಗಳೂರಿನ ಹತ್ತಿರದ ಜಿಗಣಿಯ ಗ್ರಾನೈಟ್ ಕಾರ್ಖಾನೆಗಳಿಗೂ ಕಟ್ಟಡದ ಕೆಲಸಕ್ಕೂ ಹೋಗುತ್ತಾರೆ. ಅವರ ಕೈಯಲ್ಲಿ ತಿರುಗುವುದು ಇದೇ ಚಕ್ರ. ಗ್ರಾನೈಟಿನಲ್ಲಿ ಸಿಲಿಕಾ ಇದೆ. ಒಣಗಲ್ಲನ್ನು ಕೊಯ್ದರೆ ಕಣ್ಣಿಗೆ ಕಾಣದಷ್ಟು ನುಣ್ಣನೆಯ ಧೂಳು ಶ್ವಾಸಕೋಶಕ್ಕೆ ಇಳಿದು ಅಲ್ಲಿ ಗಾಯದ ಗಂಟು ಕಟ್ಟುತ್ತದೆ. ಇದೇ ಸಿಲಿಕೋಸಿಸ್. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಯ ಕಾರ್ಮಿಕರನ್ನು ಕಾಡಿದ್ದೂ ಇದೇ ರೋಗ. ಇದನ್ನು ಗುಣಪಡಿಸುವ ಮದ್ದಿಲ್ಲ. ಇದು ಇದ್ದವರಿಗೆ ಕ್ಷಯವೂ ಬೇಗ ಅಂಟುತ್ತದೆ.

ಆದ್ದರಿಂದ ನಾಲ್ಕು ಮಾತು ನೆನಪಿಡಿ. ಒಂದು, ಚಕ್ರಕ್ಕೆ ನೀರು ಬಿಡದೆ ಕಲ್ಲು ಕೊಯ್ಯಬೇಡಿ. ನೀರು ಚಕ್ರವನ್ನೂ ತಣಿಸುತ್ತದೆ, ಧೂಳನ್ನೂ ಹಿಡಿಯುತ್ತದೆ. ಎರಡು, ಮುಖಕ್ಕೆ ಸುತ್ತಿದ ಟವಲು ಈ ಧೂಳನ್ನು ತಡೆಯದು. ಸರಿಯಾದ ಮಾಸ್ಕ್ ಕೇಳಿ ಪಡೆಯಿರಿ. ಮೂರು, ಕೆಮ್ಮು, ಉಬ್ಬಸ ಬಂದರೆ ಡಾಕ್ಟರಿಗೆ ಕಲ್ಲಿನ ಕೆಲಸ ಮಾಡಿದ್ದನ್ನು ಹೇಳಿ ಎಕ್ಸ್‌ರೇ ತೆಗೆಸಿ. ನಾಲ್ಕು, ಇದು ಕೆಲಸದಿಂದ ಬರುವ ರೋಗವೆಂದು ಕಾನೂನೇ ಒಪ್ಪಿದೆ. ಪರಿಹಾರ ಕೇಳಲು ಸಾಕ್ಷಿ ಬೇಕು, ಸಂಬಳದ ಚೀಟಿ, ಹಾಜರಿ ಕಾರ್ಡು ಎಸೆಯಬೇಡಿ.

ವಜ್ರದ ಹಲ್ಲು ಸವೆದರೆ ಧಣಿ ಮಾರನೆಯ ದಿನವೇ ಹೊಸ ಚಕ್ರ ತರುತ್ತಾನೆ. ಮನುಷ್ಯನ ಎದೆಗೂಡನ್ನು ಒತ್ತಿ ತೆಗೆಯುವ ಪ್ರೆಸ್ಸು ಯಾವ ದೇಶದಲ್ಲೂ ಇಲ್ಲ. ಹೊರಡುವ ಮಕ್ಕಳಿಗೆ ಬುತ್ತಿಯ ಜೊತೆ ಈ ಮಾತನ್ನೂ ಕಟ್ಟಿ ಕಳುಹಿಸಿ.